ಹಾಕಿದ್ದು ಜಾವಾ 21, ಓಡುತ್ತಿರುವುದು ಜಾವಾ 8: ಎಲ್ಲಿ ತಪ್ಪಿತು?

ಓದುಗರ ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷದಲ್ಲಿದ್ದೇನೆ. ವಿಂಡೋಸ್ 11 ಲ್ಯಾಪ್‌ಟಾಪ್, 8 ಜಿಬಿ ರ್‍ಯಾಮ್. ವಿಡಿಯೋ ನೋಡಿ ಜಾವಾ 21 ಹಾಕಿಕೊಂಡು ಪಾಥ್ ಕೂಡ ಸೆಟ್ ಮಾಡಿದೆ. ಈಗ ಜಾವಾಸಿ ವರ್ಷನ್ ಕೇಳಿದರೆ 21 ಅನ್ನುತ್ತೆ, ಜಾವಾ ವರ್ಷನ್ ಕೇಳಿದರೆ 1.8 ಅನ್ನುತ್ತೆ. ಪ್ರೋಗ್ರಾಮ್ ಕಂಪೈಲ್ ಆಗುತ್ತೆ, ರನ್ ಮಾಡಿದರೆ ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್’ ಎಂಬ ಎರರ್, ಅದರಲ್ಲಿ 65, 52 ಅಂತ ಏನೋ ನಂಬರ್. ಎರಡು ಸಲ ತೆಗೆದು ಮತ್ತೆ ಹಾಕಿದರೂ ಹಾಗೇ ಇದೆ. ಒರಾಕಲ್‌ಗೆ ದುಡ್ಡು ಕೊಡಬೇಕು ಅಂತಲೂ ಕೇಳಿದೆ, ನಿಜವಾ? ಇಂಟೆಲಿಜೆ, ಎಕ್ಲಿಪ್ಸ್, ವಿಎಸ್ ಕೋಡ್, ಇವುಗಳಲ್ಲಿ ಯಾವುದು ಹಾಕಲಿ? ಕೊನೆಗೊಂದು: ಕನ್ನಡದಲ್ಲಿ ಪ್ರಿಂಟ್ ಮಾಡಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ, ಯಾಕೆ?

ಉತ್ತರ: ನೀವು ಎರಡೂ ವರ್ಷನ್ ನೋಡಿ ಬರೆದದ್ದು ಬಹಳ ಒಳ್ಳೆಯದಾಯಿತು. ಜಾವಾಸಿ 21, ಜಾವಾ 1.8 ಎಂಬ ಆ ಒಂದು ಸಾಲಿನಲ್ಲೇ ಕಾಯಿಲೆ ಏನು ಅಂತ ಗೊತ್ತಾಗುತ್ತದೆ. ನಿಮ್ಮ ಇನ್‌ಸ್ಟಾಲ್ ಕೆಟ್ಟಿಲ್ಲ. ಲ್ಯಾಪ್‌ಟಾಪಿನಲ್ಲಿ ಎರಡು ಜಾವಾ ಇವೆ. ಕಂಪೈಲ್ ಮಾಡುವುದು ಒಂದು, ಓಡಿಸುವುದು ಇನ್ನೊಂದು. ಹೊಸದನ್ನು ಎಷ್ಟು ಸಲ ತೆಗೆದು ಹಾಕಿದರೂ ಹಳೆಯದು ಜಾಗ ಬಿಟ್ಟು ಕದಲುವುದಿಲ್ಲ. ಹಾಗಾಗಿ ಏನೂ ಬದಲಾಗಲಿಲ್ಲ.

ಮುಂದೆ ಹೋಗುವ ಮುಂಚೆ ಒಂದು ಮಾತು. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಮಾಡಿ. ಜಾವಾಸಿ ಅಂದರೆ ಜಾವಾ ಪದಕ್ಕೆ ಸಿ ಅಕ್ಷರ ಅಂಟಿಸಿದ್ದು, ಅದು ಕಂಪೈಲರ್, ಅಂದರೆ ನೀವು ಬರೆದ ಕೋಡನ್ನು ಓಡಿಸಬಹುದಾದ ಫೈಲಾಗಿ ಬದಲಿಸುವುದು. ಬರೀ ಜಾವಾ ಅಂದರೆ ಪ್ರೋಗ್ರಾಮ್ ಓಡಿಸುವ ಕಮಾಂಡ್.

ಮೊದಲು ಆ ನಂಬರುಗಳ ವಿಷಯ. ಜಾವಾಸಿ ನಿಮ್ಮ ಪ್ರೋಗ್ರಾಮನ್ನು ಕ್ಲಾಸ್ ಫೈಲ್ ಮಾಡಿದಾಗ ಅದರ ಆರಂಭದಲ್ಲೇ ಒಂದು ವರ್ಷನ್ ನಂಬರ್ ಬರೆದಿಡುತ್ತದೆ. ಆ ನಂಬರಿನಿಂದ 44 ಕಳೆದರೆ ಜಾವಾ ವರ್ಷನ್ ಸಿಗುತ್ತದೆ. 65 ಅಂದರೆ ಜಾವಾ 21. 61 ಅಂದರೆ 17. 55 ಅಂದರೆ 11. 52 ಅಂದರೆ 8. ಅಂದರೆ ಎರರ್ ಹೇಳುತ್ತಿರುವುದು ಇಷ್ಟೇ: ಈ ಫೈಲನ್ನು 21ರ ಕಂಪೈಲರ್ ಮಾಡಿದೆ, ಓಡಿಸಲು ಬಂದಿರುವ ನಾನು 8, 52ರವರೆಗೆ ಮಾತ್ರ ನನಗೆ ಓದಲು ಬರುತ್ತದೆ. ಇನ್ನು 1.8 ಮತ್ತು 8 ಒಂದೇ. ಮೊದಲೆಲ್ಲ ನಂಬರಿನ ಮುಂದೆ ‘1.’ ಎಂದು ಸೇರಿಸುತ್ತಿದ್ದರು, 9ರಿಂದ ಅದನ್ನು ಬಿಟ್ಟರು.

ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಕೆಲಸಕ್ಕೆ ಸೇರಿದ ಮೇಲೂ ಈ ಎರರ್ ನಿಮಗೆ ಸಿಗುತ್ತಲೇ ಇರುತ್ತದೆ. ಸರ್ವರಿನಲ್ಲಿ 17 ಇದ್ದು, ನಿಮ್ಮ ಯಂತ್ರದಲ್ಲಿ 21ರಲ್ಲಿ ಕಟ್ಟಿದ ಫೈಲನ್ನು ಅಲ್ಲಿಗೆ ಕಳಿಸಿದರೆ ಇದೇ ಕಥೆ.

ಈಗ ಹಳೆಯ 8 ಎಲ್ಲಿ ಕೂತಿದೆ ಅಂತ ಹುಡುಕೋಣ. ಕಮಾಂಡ್ ಪ್ರಾಂಪ್ಟ್ ತೆರೆದು ‘ವೇರ್ ಜಾವಾ’ ಎಂದು ಹೊಡೆಯಿರಿ. ಪವರ್‌ಶೆಲ್ ಆದರೆ ‘ವೇರ್’ ಎಂಬುದಕ್ಕೆ ಅಲ್ಲಿ ಬೇರೆ ಅರ್ಥವಿದೆ, ಏನೂ ಕಾಣಿಸುವುದಿಲ್ಲ. ಅಲ್ಲಿ ‘ವೇರ್ ಡಾಟ್ ಇಎಕ್ಸ್‌ಇ ಜಾವಾ’ ಅನ್ನಬೇಕು. ಉತ್ತರವಾಗಿ ಒಂದರ ಕೆಳಗೊಂದು ಫೋಲ್ಡರ್ ಹೆಸರು ಬರುತ್ತವೆ. ಮೊದಲ ಸಾಲಿನಲ್ಲಿ ಏನಿದೆಯೋ ಅದೇ ಓಡುವುದು. ಉಳಿದವು ಲೆಕ್ಕಕ್ಕಿಲ್ಲ. ಕಮಾಂಡ್ ಕೊಟ್ಟಾಗ ವಿಂಡೋಸ್ ಯಾವ ಯಾವ ಫೋಲ್ಡರುಗಳಲ್ಲಿ ಸಾಲಾಗಿ ಹುಡುಕಬೇಕು ಎಂಬ ಪಟ್ಟಿಯನ್ನೇ ಪಾಥ್ ಅನ್ನುವುದು.

ನಿಮ್ಮಲ್ಲಿ ಮೊದಲ ಸಾಲು ಬಹುಶಃ ಹೀಗಿರುತ್ತದೆ: ಪ್ರೋಗ್ರಾಮ್ ಫೈಲ್ಸ್, ಅದರೊಳಗೆ ಕಾಮನ್ ಫೈಲ್ಸ್, ಅದರೊಳಗೆ ಒರಾಕಲ್, ಜಾವಾ, ಕೊನೆಗೆ ಜಾವಾಪಾಥ್. ಒರಾಕಲ್‌ನ ಇನ್‌ಸ್ಟಾಲರ್ ಜಾವಾ 8 ಹಾಕುವಾಗ ಈ ಫೋಲ್ಡರ್ ಮಾಡಿ, ಸಿಸ್ಟಮ್ ಪಾಥ್‌ನಲ್ಲಿ ಅದನ್ನು ಎಲ್ಲಕ್ಕಿಂತ ಮುಂದೆ ಕೂರಿಸುತ್ತದೆ. ಜಾವಾ 8ರ ರನ್‌ಟೈಮ್ ಮಾತ್ರ ಹಾಕಿದ್ದರೆ ಅದರಲ್ಲಿ ಜಾವಾ ಇರುತ್ತದೆ, ಜಾವಾಸಿ ಇರುವುದಿಲ್ಲ. ಆದ್ದರಿಂದಲೇ ನಿಮಗೆ ಜಾವಾ ಇಲ್ಲಿಂದ ಸಿಕ್ಕಿತು, ಜಾವಾಸಿಯನ್ನು ಹುಡುಕಿಕೊಂಡು ವಿಂಡೋಸ್ ಮುಂದಕ್ಕೆ ಹೋಗಿ ನೀವು ಹಾಕಿದ 21ರ ಫೋಲ್ಡರಿನಿಂದ ತಂದಿತು.

‘ಆದರೆ ನಾನು ಪಾಥ್‌ನಲ್ಲಿ 21 ಅನ್ನೇ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನಲ್ಲ’ ಅಂತ ನೀವು ಕೇಳಬಹುದು. ಎನ್ವಿರಾನ್‌ಮೆಂಟ್ ವೇರಿಯೇಬಲ್ಸ್ ಕಿಟಕಿಯನ್ನು ಮತ್ತೆ ತೆರೆದು ನೋಡಿ. ಅಲ್ಲಿ ಎರಡು ಪಟ್ಟಿಗಳಿವೆ. ಮೇಲಿನದು ಯೂಸರ್ ವೇರಿಯೇಬಲ್ಸ್, ಕೆಳಗಿನದು ಸಿಸ್ಟಮ್ ವೇರಿಯೇಬಲ್ಸ್. ಎರಡರಲ್ಲೂ ಪಾಥ್ ಎಂಬ ಹೆಸರಿದೆ. ವಿಂಡೋಸ್ ಇವೆರಡನ್ನೂ ಸೇರಿಸಿಯೇ ಬಳಸುತ್ತದೆ, ಆದರೆ ಸಿಸ್ಟಮ್‌ನದ್ದು ಮೊದಲು, ಯೂಸರ್‌ನದ್ದು ಆಮೇಲೆ. ಕಿಟಕಿಯಲ್ಲಿ ಯೂಸರ್ ಪಟ್ಟಿ ಮೇಲೆ ಕಾಣುವುದರಿಂದ ಅದೇ ಮೊದಲು ಅಂತ ಎಲ್ಲರಿಗೂ ಅನಿಸುತ್ತದೆ. ಅನಿಸುವುದು ಸಹಜ, ಆದರೆ ಇರುವುದು ತಿರುಗಾಮುರುಗಾ. ನೀವು ಯೂಸರ್ ಪಾಥ್‌ನಲ್ಲಿ ಏನನ್ನು ಎಷ್ಟು ಮೇಲೆ ತಂದರೂ ಸಿಸ್ಟಮ್ ಪಾಥ್‌ನ ಕಟ್ಟಕಡೆಯ ಸಾಲಿಗಿಂತಲೂ ಅದು ಹಿಂದೆಯೇ. ಎಷ್ಟೋ ಮಂದಿ ದಿನಗಟ್ಟಲೆ ಒದ್ದಾಡುವುದು ಇದೊಂದೇ ಕಾರಣಕ್ಕೆ.

ಸರಿಪಡಿಸುವುದು ಹೀಗೆ. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಆಗಿರುವ ಆ್ಯಪ್‌ಗಳ ಪಟ್ಟಿ ತೆರೆದು ಜಾವಾ ಎಂದು ಹುಡುಕಿ. ಜಾವಾ 8 ಅಪ್‌ಡೇಟ್ ಇಷ್ಟು ಅಂತ ಒಂದು ಸಿಗುತ್ತದೆ. ಅದನ್ನು ತೆಗೆಯುವ ಮುಂಚೆ ಮನೆಯಲ್ಲಿ ಒಮ್ಮೆ ಕೇಳಿ. ಆ ಲ್ಯಾಪ್‌ಟಾಪಿನಲ್ಲೇ ಅಪ್ಪನೋ ಅಣ್ಣನೋ ಡಿಜಿಟಲ್ ಸಹಿಗೋ ಹಳೆಯ ಲೆಕ್ಕಪತ್ರದ ತಂತ್ರಾಂಶಕ್ಕೋ ಅದನ್ನು ಬಳಸುತ್ತಿರಬಹುದು. ಯಾರಿಗೂ ಬೇಡ ಅಂದರೆ ತೆಗೆದುಬಿಡಿ. ಬೇಕು ಅಂದರೆ ಇರಲಿ ಬಿಡಿ, ಸಿಸ್ಟಮ್ ಪಾಥ್‌ನಲ್ಲಿ 21ರ ಬಿನ್, ಅಂದರೆ ಅದರ ಕಮಾಂಡುಗಳಿರುವ ಫೋಲ್ಡರನ್ನು ಆ ಜಾವಾಪಾಥ್ ಸಾಲಿಗಿಂತ ಮೇಲೆ ತನ್ನಿ. ಎರಡೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರುತ್ತವೆ. ಯಾವುದು ಮುಂದೆ ಇರಬೇಕು ಅಂತ ಹೇಳುವವರು ಬೇಕು, ಅಷ್ಟೇ.

ಹೇಗೂ ಕೈ ಹಾಕಿದ್ದೀರಲ್ಲ, ಪೂರ್ತಿ ಶುದ್ಧಮಾಡಿಯೇ ಹಾಕಿಕೊಳ್ಳಿ. ಇಲ್ಲೇ ಒರಾಕಲ್ ದುಡ್ಡಿನ ಪ್ರಶ್ನೆಗೂ ಉತ್ತರವಿದೆ.

ಜಾವಾ 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದ ಭಾಷೆ. 2010ರಲ್ಲಿ ಒರಾಕಲ್ ಸನ್ ಕಂಪನಿಯನ್ನೇ ಕೊಂಡಿತು. ಆದರೆ ಅದಕ್ಕೂ ಮುಂಚೆಯೇ ಜಾವಾದ ಮೂಲ ಕೋಡ್ ಓಪನ್‌ಜೆಡಿಕೆ ಹೆಸರಿನಲ್ಲಿ ಮುಕ್ತವಾಗಿತ್ತು. ಆ ಕೋಡಿನಿಂದ ಯಾರು ಬೇಕಾದರೂ ಜೆಡಿಕೆ, ಅಂದರೆ ಕಂಪೈಲರ್ ಸಮೇತ ಜಾವಾದ ಪೂರ್ತಿ ಕಿಟ್, ಕಟ್ಟಿ ಹಂಚಬಹುದು. ಅಮೆಜಾನ್‌ನವರ ಕೊರೆಟೊ, ಮೈಕ್ರೋಸಾಫ್ಟ್‌ನವರ ಜೆಡಿಕೆ, ಅಜೂಲ್‌ನವರ ಜುಲು, ಎಕ್ಲಿಪ್ಸ್ ಫೌಂಡೇಶನ್ನಿನ ಅಡಾಪ್ಟಿಯಂ ಯೋಜನೆಯ ಟೆಮುರಿನ್, ಎಲ್ಲ ಅದೇ ಕೋಡಿನವು. ಒರಾಕಲ್ ಕೂಡ ತನ್ನದೇ ಹೆಸರಿನಲ್ಲಿ ಒಂದು ಕೊಡುತ್ತದೆ. ದುಡ್ಡಿನ ಗಲಾಟೆ ಇರುವುದು ಆ ಒಂದರದ್ದು ಮಾತ್ರ. ಕಲಿಯುವವರಿಗೆ, ಸ್ವಂತ ಬಳಕೆಗೆ ಅದೂ ಉಚಿತವೇ. ಕಂಪನಿಗಳಲ್ಲಿ ಬಳಸುವಾಗ ವರ್ಷನ್ ಯಾವುದು, ಅಪ್‌ಡೇಟ್ ಯಾವಾಗಿನದು ಅಂತ ನೋಡಿ ಲೈಸೆನ್ಸ್ ಬದಲಾಗುತ್ತದೆ. 2019ರಿಂದ ಅದರ ನಿಯಮ ಹಲವು ಸಲ ಬದಲಾಗಿದೆ. ನಾಳೆ ಕೆಲಸಕ್ಕೆ ಸೇರಿದಾಗ ಆಫೀಸಿನ ಯಂತ್ರದಲ್ಲಿ ಅಭ್ಯಾಸಬಲದಿಂದ ಒರಾಕಲ್‌ನದನ್ನು ಇಳಿಸಿಕೊಂಡರೆ ಕಂಪನಿಗೆ ತಲೆನೋವು ಆಗಬಹುದು. ಅದಕ್ಕೇ ನಾನು ಎಲ್ಲರಿಗೂ ಟೆಮುರಿನ್ ಅಂತಲೇ ಹೇಳುವುದು. ಇವತ್ತೂ ಉಚಿತ, ಆಫೀಸಿನಲ್ಲೂ ಉಚಿತ, ಅಭ್ಯಾಸ ಬದಲಿಸಬೇಕಿಲ್ಲ.

ಯಾವ ವರ್ಷನ್? ಆರು ತಿಂಗಳಿಗೊಂದು ಹೊಸ ಜಾವಾ ಬರುತ್ತದೆ. ಎಲ್ಲದರ ಹಿಂದೆ ಓಡಬೇಡಿ. ವರ್ಷಗಟ್ಟಲೆ ಅಪ್‌ಡೇಟ್ ಸಿಗುವಂಥವನ್ನು ಎಲ್‌ಟಿಎಸ್ ಅನ್ನುತ್ತಾರೆ: 8, 11, 17, 21, ಮತ್ತು 2025ರ ಸೆಪ್ಟೆಂಬರಿನಲ್ಲಿ ಬಂದ 25. ನೀವು 21 ಹಾಕಿದ್ದೀರಿ, ಅದನ್ನೇ ಮುಂದುವರಿಸಿ. 25ರಲ್ಲಿ ಹೊಸಬರಿಗೆ ಒಂದು ಅನುಕೂಲವಿದೆ, ಕ್ಲಾಸ್, ಪಬ್ಲಿಕ್, ಸ್ಟ್ಯಾಟಿಕ್ ಯಾವುದನ್ನೂ ಬರೆಯದೆ ಬರೀ ‘ವಾಯ್ಡ್ ಮೇನ್’ ಅಂತ ಶುರು ಮಾಡಬಹುದು. ಚೆನ್ನಾಗಿದೆ. ಆದರೆ ಪರೀಕ್ಷೆಯಲ್ಲಿ ನಿಮ್ಮಿಂದ ಕೇಳುವುದು ಹಳೆಯ ಪೂರ್ತಿ ರೂಪವನ್ನೇ, ಅಲ್ವಾ? ಸದ್ಯಕ್ಕೆ ಕೈ ಅದಕ್ಕೇ ಪಳಗಲಿ. ಕಾಲೇಜಿನ ಲ್ಯಾಬಿನಲ್ಲಿ ಜಾವಾ 8 ಇದ್ದರೂ ತೊಂದರೆಯಿಲ್ಲ. ಜಾವಾಸಿಗೆ ‘ರಿಲೀಸ್ 8’ ಎಂಬ ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ, 8ರಲ್ಲಿ ಇಲ್ಲದ್ದನ್ನು ನೀವು ಬಳಸಿದ್ದರೆ ಮನೆಯಲ್ಲೇ ಬೈಯುತ್ತದೆ. ಹಳೆಯದಾಯಿತು ಎಂಬ ಎಚ್ಚರಿಕೆಯ ಸಾಲು ಬರಬಹುದು, ಬರಲಿ.

ಟೆಮುರಿನ್ ಹಾಕುವಾಗ ಎಂಎಸ್‌ಐ ಇನ್‌ಸ್ಟಾಲರನ್ನೇ ತೆಗೆದುಕೊಳ್ಳಿ. ನೆಕ್ಸ್ಟ್, ನೆಕ್ಸ್ಟ್ ಅಂತ ಓಡಬೇಡಿ. ನಡುವೆ ಏನೇನು ಹಾಕಬೇಕು ಎಂಬ ಪಟ್ಟಿ ಬರುತ್ತದೆ. ಪಾಥ್‌ಗೆ ಸೇರಿಸುವುದು ಅಲ್ಲಿ ಮೊದಲೇ ಆಯ್ಕೆಯಾಗಿರುತ್ತದೆ. ಜಾವಾ ಹೋಮ್ ಸೆಟ್ ಮಾಡುವುದರ ಪಕ್ಕ ಮಾತ್ರ ಕೆಂಪು ಗುಣಿಸು ಚಿಹ್ನೆ ಇರುತ್ತದೆ. ಅದರ ಮೇಲೆ ಒತ್ತಿ, ಯಂತ್ರಕ್ಕೆ ಹಾಕಿಕೊಳ್ಳುವ ಆಯ್ಕೆಗೆ ಬದಲಿಸಿ. ಮುಂದೆ ಮೇವನ್ (ಪ್ರಾಜೆಕ್ಟ್ ಕಟ್ಟುವ ಸಾಧನ) ಮುಂತಾದವು ಜೆಡಿಕೆ ಎಲ್ಲಿದೆ ಅಂತ ಮೊದಲು ನೋಡುವುದು ಜಾವಾ ಹೋಮ್ ಎಂಬ ಈ ವೇರಿಯೇಬಲನ್ನೇ.

ಕೈಯಿಂದಲೇ ಸೆಟ್ ಮಾಡುತ್ತೀರಾದರೆ ಒಂದು ಎಚ್ಚರ. ಜಾವಾ ಹೋಮ್‌ಗೆ ಜೆಡಿಕೆ ಫೋಲ್ಡರಿನ ವಿಳಾಸ ಕೊಡಬೇಕು, ಅದರೊಳಗಿನ ಬಿನ್‌ನ ವಿಳಾಸ ಅಲ್ಲ. ಪಾಥ್‌ಗೆ ಮಾತ್ರ ಬಿನ್ ಸೇರಿಸಿದ ವಿಳಾಸ. ಇವೆರಡನ್ನೂ ಅದಲುಬದಲು ಮಾಡಿಕೊಂಡವರೇ ಜಾಸ್ತಿ. ಎನ್ವಿರಾನ್‌ಮೆಂಟ್ ಬದಲಿಸಿದ ಮೇಲೆ ಮೊದಲೇ ತೆರೆದಿದ್ದ ಕಮಾಂಡ್ ಪ್ರಾಂಪ್ಟಿಗೆ ಅದು ಗೊತ್ತಾಗುವುದಿಲ್ಲ. ಅದನ್ನು ಮುಚ್ಚಿ ಹೊಸದನ್ನು ತೆರೆಯಿರಿ. ವಿಎಸ್ ಕೋಡ್‌ನ ಒಳಗಿನ ಟರ್ಮಿನಲ್ ಆದರೆ ಟರ್ಮಿನಲ್ ಮುಚ್ಚಿದರೆ ಸಾಲದು, ಇಡೀ ವಿಎಸ್ ಕೋಡನ್ನೇ ಮುಚ್ಚಿ ತೆರೆಯಬೇಕು.

ಈಗ ಜಾವಾ ವರ್ಷನ್, ಜಾವಾಸಿ ವರ್ಷನ್ ಎರಡನ್ನೂ ಕೇಳಿ. ಎರಡೂ 21 ಅಂದವಾ? ಬುನಾದಿ ಸರಿಯಾಯಿತು.

ಐಡಿಇಗೆ, ಅಂದರೆ ನೀವು ಕೇಳಿದ ಇಂಟೆಲಿಜೆ, ಎಕ್ಲಿಪ್ಸ್ ಥರದ ಕೋಡ್ ಬರೆದು ಓಡಿಸುವ ಸಾಧನಗಳಿಗೆ, ಹೋಗುವ ಮುಂಚೆ ದಯವಿಟ್ಟು ಒಂದು ಪ್ರೋಗ್ರಾಮನ್ನಾದರೂ ಬರಿಗೈಯಲ್ಲಿ ಓಡಿಸಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಐಡಿಇಯ ಹಸಿರು ಬಟನ್ ಒತ್ತಿ ಕಲಿತವರಿಗೆ ಆ ಬಟನ್ ಹಿಂದೆ ಏನಾಗುತ್ತದೆ ಅಂತ ಗೊತ್ತಿರುವುದಿಲ್ಲ. ಒಂದು ದಿನ ಅದು ಕೈಕೊಟ್ಟಾಗ ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಅರ್ಧ ಗಂಟೆಯ ಕೆಲಸ, ಮಾಡಿಬಿಡಿ.

ಸಿ ಡ್ರೈವಿನಲ್ಲಿ ನೇರವಾಗಿ ಒಂದು ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ನಡುವೆ ಖಾಲಿ ಜಾಗ ಬೇಡ. ಡೆಸ್ಕ್‌ಟಾಪಿನಲ್ಲಿ ಇಡಬೇಡಿ. ಈಗಿನ ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಎಷ್ಟೋ ಸಲ ಒನ್‌ಡ್ರೈವ್ ಒಳಗೆ ಹೋಗಿ ಕೂತಿರುತ್ತದೆ. ನೀವು ಕಂಪೈಲ್ ಮಾಡಿದ ಪ್ರತಿ ಫೈಲನ್ನೂ ಅದು ಇಂಟರ್ನೆಟ್ಟಿಗೆ ಏರಿಸಲು ಹೊರಡುತ್ತದೆ. ನೋಟ್‌ಪ್ಯಾಡಿನಲ್ಲಿ ಹಲೋ ಎಂಬ ಕ್ಲಾಸ್ ಬರೆದು, ಅದೇ ಹೆಸರಿನಲ್ಲಿ, ದೊಡ್ಡಕ್ಷರ ಸಣ್ಣಕ್ಷರ ಚಾಚೂ ತಪ್ಪದೆ, ಡಾಟ್ ಜಾವಾ ಅಂತ ಸೇವ್ ಮಾಡಿ. ಸೇವ್ ಮಾಡುವಾಗ ಫೈಲ್ ಟೈಪ್ ‘ಆಲ್ ಫೈಲ್ಸ್’ ಇರಲಿ. ಇಲ್ಲದಿದ್ದರೆ ಹಲೋ ಡಾಟ್ ಜಾವಾ ಡಾಟ್ ಟಿಎಕ್ಸ್‌ಟಿ ಆಗಿಬಿಡುತ್ತದೆ. ವಿಂಡೋಸ್ ಆ ಬಾಲವನ್ನು ಮುಚ್ಚಿಡುವುದರಿಂದ ನಿಮಗೆ ಕಾಣುವುದೂ ಇಲ್ಲ. ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಕಾಣುವಂತೆ ಇವತ್ತೇ ಮಾಡಿಕೊಳ್ಳಿ.

ಆ ಫೋಲ್ಡರಿಗೆ ಹೋಗಿ ‘ಜಾವಾಸಿ ಹಲೋ ಡಾಟ್ ಜಾವಾ’ ಕೊಡಿ. ಏನೂ ಹೇಳದೆ ಸುಮ್ಮನಾದರೆ ಗೆದ್ದಿರಿ. ಪಕ್ಕದಲ್ಲಿ ಹಲೋ ಡಾಟ್ ಕ್ಲಾಸ್ ಹುಟ್ಟಿರುತ್ತದೆ. ಈಗ ‘ಜಾವಾ ಹಲೋ’. ಇಲ್ಲಿ ಡಾಟ್ ಕ್ಲಾಸ್ ಸೇರಿಸಬಾರದು. ನೀವು ಕೊಡುತ್ತಿರುವುದು ಫೈಲಿನ ಹೆಸರಲ್ಲ, ಕ್ಲಾಸಿನ ಹೆಸರು. ಸೇರಿಸಿದರೆ ‘ಮೇನ್ ಕ್ಲಾಸ್ ಸಿಗಲಿಲ್ಲ’ ಅನ್ನುತ್ತದೆ. ಕ್ಲಾಸಿನ ಮೇಲೆ ಪ್ಯಾಕೇಜ್ ಸಾಲು ಬರೆದಿದ್ದರೂ ಇದೇ ಎರರ್ ಬರುತ್ತದೆ. ಆಗ ಪ್ಯಾಕೇಜ್ ಹೆಸರಿನ ಫೋಲ್ಡರಿನಿಂದ ಹೊರಗೆ ನಿಂತು, ಪ್ಯಾಕೇಜ್ ಸಮೇತ ಪೂರ್ತಿ ಹೆಸರು ಹೇಳಿ ಕರೆಯಬೇಕು.

ಇನ್ನೊಂದು ಕುತೂಹಲಕ್ಕೆ ಮಾಡಿ ನೋಡಿ. ‘ಜಾವಾಪಿ’ ಎಂಬ ಕಮಾಂಡಿಗೆ ವರ್ಬೋಸ್ ಆಯ್ಕೆ ಕೊಟ್ಟು ಹಲೋ ಅನ್ನಿ. ಉದ್ದಕ್ಕೆ ಏನೇನೋ ಬರುತ್ತದೆ. ಮೇಲಿನ ಭಾಗದಲ್ಲಿ ‘ಮೇಜರ್ ವರ್ಷನ್ 65’ ಎಂಬ ಸಾಲು ಹುಡುಕಿ. ನಿಮ್ಮನ್ನು ಕಾಡಿದ ಆ ನಂಬರ್ ಇದೇ. ನಿಮ್ಮ ಕೈಯಿಂದಲೇ ಆದ ಫೈಲಿನಲ್ಲಿ ಅದನ್ನು ಕಣ್ಣಾರೆ ನೋಡಿದ ಮೇಲೆ ಆ ಎರರ್ ಬಗ್ಗೆ ಭಯ ಉಳಿಯುವುದಿಲ್ಲ.

ಜಾವಾ 11ರಿಂದ ಈಚೆಗೆ ಒಂದೇ ಫೈಲಿನ ಪ್ರೋಗ್ರಾಮನ್ನು ‘ಜಾವಾ ಹಲೋ ಡಾಟ್ ಜಾವಾ’ ಅಂತ ನೇರ ಓಡಿಸಬಹುದು, ಕ್ಲಾಸ್ ಫೈಲ್ ಕೂಡ ಬೀಳುವುದಿಲ್ಲ. ಒಂದೆರಡು ಸಾಲು ಪರೀಕ್ಷಿಸಬೇಕಾದರೆ ‘ಜೆಶೆಲ್’ ಇದೆ. ಟೈಪ್ ಮಾಡಿ ಎಂಟರ್ ಹೊಡೆದರೆ ಅಲ್ಲೇ ಉತ್ತರ. ಸ್ಟ್ರಿಂಗ್, ಅರೇ, ಲಿಸ್ಟ್ ಕಲಿಯುವಾಗ ಇದರಷ್ಟು ಉಪಕಾರಿ ಇನ್ನೊಂದಿಲ್ಲ. ಜೆಡಿಕೆ ಜೊತೆಗೇ ಬಂದಿರುತ್ತದೆ, ಆದರೂ ಬಳಸುವವರು ಕಡಿಮೆ.

ಈಗ ಐಡಿಇ. ನನ್ನ ಆಯ್ಕೆ ಇಂಟೆಲಿಜೆ, ಅದರ ಉಚಿತ ಭಾಗವೇ ನಿಮಗೆ ಧಾರಾಳ ಸಾಕು. 8 ಜಿಬಿ ಯಂತ್ರದಲ್ಲಿ ಓಡುತ್ತದೆ, ಆದರೆ ಪಕ್ಕದಲ್ಲಿ ಬ್ರೌಸರಿನ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ಏದುಸಿರು ಬಿಡುತ್ತದೆ. ಕೋಡ್ ಎಲ್ಲಿ ತಪ್ಪಿದೆ, ಏಕೆ ತಪ್ಪಿದೆ ಅಂತ ಅದು ತೋರಿಸುವ ರೀತಿ ಕಲಿಯುವವರಿಗೆ ತುಂಬಾ ಸಹಾಯ. ಕಾಲೇಜಿನಲ್ಲಿ ಎಲ್ಲರೂ ಎಕ್ಲಿಪ್ಸ್ ಬಳಸುತ್ತಾರಾದರೆ ಎಕ್ಲಿಪ್ಸ್ ಹಾಕಿ. ಪಕ್ಕದಲ್ಲಿ ಕೂತವರಿಗೆ ಗೊತ್ತಿರುವ ಸಾಧನ ನಮ್ಮ ಕೈಯಲ್ಲೂ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ವಿಎಸ್ ಕೋಡ್ ಹಗುರ ಅಂತ ಹಾಕುವವರು ಇದನ್ನು ತಿಳಿದಿರಲಿ: ಅದಕ್ಕೆ ಜಾವಾ ಎಕ್ಸ್‌ಟೆನ್ಶನ್ ಪ್ಯಾಕ್ ಹಾಕಿದ ಮೇಲೆ ಒಳಗೆ ಕೆಲಸ ಮಾಡುವುದು ಎಕ್ಲಿಪ್ಸ್‌ನದೇ ಕಂಪೈಲರ್. ಅಂದುಕೊಂಡಷ್ಟು ಹಗುರ ಉಳಿಯುವುದಿಲ್ಲ.

ಆ ಕಂಪೈಲರಿನ ಒಂದು ಗುಣ ಗೊತ್ತಿರಬೇಕು. ಜಾವಾಸಿ ಆದರೆ ತಪ್ಪಿದ್ದಾಗ ಕ್ಲಾಸ್ ಫೈಲನ್ನೇ ಕೊಡುವುದಿಲ್ಲ. ಎಕ್ಲಿಪ್ಸ್‌ನದ್ದು ತಪ್ಪಿರುವ ಕೋಡನ್ನೂ ಕಂಪೈಲ್ ಮಾಡಿಡಬಲ್ಲದು. ಓಡುತ್ತಾ ಓಡುತ್ತಾ ತಪ್ಪಿನ ಜಾಗಕ್ಕೆ ಬಂದಾಗ ‘ಅನ್‌ರಿಸಾಲ್ವ್‌ಡ್ ಕಂಪೈಲೇಶನ್ ಪ್ರಾಬ್ಲಮ್’ ಅಂತ ಬೀಳುತ್ತದೆ. ಆ ಮಾತು ಕಂಡರೆ ಹುಡುಕಬೇಕಾದ್ದು ಲಾಜಿಕ್ಕಿನ ತಪ್ಪನ್ನಲ್ಲ, ಕೆಂಪು ಗೆರೆ ಬಿದ್ದಿರುವ ಸಾಲನ್ನು.

ಐಡಿಇ ಹಾಕಿದಾಗ ಜಾವಾಗಳ ಸಂಖ್ಯೆ ಮತ್ತೆ ಹೆಚ್ಚುತ್ತದೆ ಎಂಬುದೂ ಗಮನದಲ್ಲಿರಲಿ. ಇಂಟೆಲಿಜೆ ತಾನು ಓಡಲು ತನ್ನದೇ ರನ್‌ಟೈಮ್ ತಂದುಕೊಳ್ಳುತ್ತದೆ. ಅದು ನಿಮ್ಮ ಪ್ರಾಜೆಕ್ಟಿನದಲ್ಲ. ಹೊಸ ಪ್ರಾಜೆಕ್ಟ್ ಮಾಡುವಾಗ ‘ಜೆಡಿಕೆ ಡೌನ್‌ಲೋಡ್ ಮಾಡಲಾ’ ಅಂತಲೂ ಕೇಳುತ್ತದೆ. ಹೂಂ ಅಂದರೆ ನಿಮ್ಮ ಹೋಮ್ ಫೋಲ್ಡರಿನಲ್ಲಿ ಡಾಟ್ ಜೆಡಿಕೆಸ್ ಎಂಬಲ್ಲಿ ಇನ್ನೊಂದು ಇಳಿಯುತ್ತದೆ. ಪಾಥ್‌ಗೆ ಅದರ ಸುದ್ದಿಯೇ ಇರುವುದಿಲ್ಲ. ‘ಐಡಿಇಯಲ್ಲಿ ಓಡುತ್ತೆ, ಟರ್ಮಿನಲ್‌ನಲ್ಲಿ ಓಡಲ್ಲ’ ಎಂಬ ದೂರು ಹುಟ್ಟುವುದು ಇಲ್ಲಿಂದಲೇ. ಡೌನ್‌ಲೋಡ್ ಬೇಡ ಅನ್ನಿ, ಈಗಾಗಲೇ ಹಾಕಿರುವ ಟೆಮುರಿನ್ 21ರ ಫೋಲ್ಡರ್ ತೋರಿಸಿ.

ಐಡಿಇಯಲ್ಲಿ ಮೊದಲು ಕಲಿಯಬೇಕಾದ್ದು ಡೀಬಗ್ಗರ್. ಒಂದು ಸಾಲಿನ ಪಕ್ಕ ಒತ್ತಿ ಬ್ರೇಕ್‌ಪಾಯಿಂಟ್ ಇಟ್ಟು, ಲೂಪ್ ಒಂದೊಂದು ಸುತ್ತು ತಿರುಗಿದಾಗಲೂ ವೇರಿಯೇಬಲ್ ಬೆಲೆ ಹೇಗೆ ಬದಲಾಗುತ್ತದೆ ಅಂತ ನೋಡಿ. ಪುಸ್ತಕದಲ್ಲಿ ಅರ್ಥವಾಗದ್ದು ಅಲ್ಲಿ ಅರ್ಥವಾಗುತ್ತದೆ.

ಇನ್ನು ಕನ್ನಡ. ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ನಿಜವಾಗಿ ಖುಷಿಯಾಯಿತು. ನಮ್ಮ ಭಾಷೆಯಲ್ಲಿ ಪ್ರೋಗ್ರಾಮ್ ಉತ್ತರಿಸಬೇಕು ಅಂತ ಕಲಿಯುವಾಗಲೇ ಅನಿಸಬೇಕು.

ಜಾವಾ ಮೊದಲಿನಿಂದಲೂ ಯುನಿಕೋಡ್ ಮೇಲೆ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರ್ ಕೊಡುವ ಪದ್ಧತಿಯ ಮೇಲೆ, ನಿಂತ ಭಾಷೆ. ಅದರ ಸ್ಟ್ರಿಂಗ್ ಒಳಗೆ ಕನ್ನಡ ಭದ್ರವಾಗಿ ಇರುತ್ತದೆ. ವೇರಿಯೇಬಲ್‌ಗೆ ‘ಮೊತ್ತ’ ಅಂತ ಕನ್ನಡದಲ್ಲೇ ಹೆಸರಿಟ್ಟರೂ ಕಂಪೈಲರ್ ತಕರಾರು ಮಾಡುವುದಿಲ್ಲ. ತೊಂದರೆ ಬರುವುದು ಎರಡು ಬಾಗಿಲುಗಳಲ್ಲಿ. ಫೈಲಿನಿಂದ ಒಳಗೆ ಬರುವಾಗ, ಪರದೆಗೆ ಹೊರಗೆ ಹೋಗುವಾಗ.

ಒಳಗೆ ಬರುವ ಬಾಗಿಲು ಈಗ ಬಹುಪಾಲು ಸರಿಯಾಗಿದೆ. ಜಾವಾ 18ಕ್ಕಿಂತ ಮುಂಚೆ ಫೈಲ್ ಯಾವ ಎನ್‌ಕೋಡಿಂಗ್‌ನಲ್ಲಿದೆ, ಅಂದರೆ ಅಕ್ಷರಗಳನ್ನು ಯಾವ ಪದ್ಧತಿಯಲ್ಲಿ ಬರೆದಿಟ್ಟಿದೆ ಅಂತ ವಿಂಡೋಸನ್ನು ಕೇಳಿ ತೀರ್ಮಾನಿಸುತ್ತಿತ್ತು. ವಿಂಡೋಸ್ ಕೊಡುತ್ತಿದ್ದ ಉತ್ತರದಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. 18ರಿಂದ, ಕನ್ನಡವೂ ಸೇರಿ ಎಲ್ಲ ಲಿಪಿಗಳಿಗೂ ಜಾಗವಿರುವ ಯುಟಿಎಫ್-8 ಎಂಬುದೇ ಸಹಜ ಆಯ್ಕೆ. ನಿಮ್ಮ 21ಕ್ಕೆ ಫೈಲನ್ನು ಯುಟಿಎಫ್-8ರಲ್ಲಿ ಸೇವ್ ಮಾಡಿದರೆ ಸಾಕು. ನೋಟ್‌ಪ್ಯಾಡಿನಲ್ಲಿ ‘ವಿತ್ ಬಿಒಎಂ’ ಎಂಬ ಆಯ್ಕೆಯೂ ಇದೆ, ಅದನ್ನು ಮುಟ್ಟಬೇಡಿ. ಅದು ಫೈಲಿನ ಮೊದಲಲ್ಲಿ ಕಾಣದ ಒಂದು ಅಕ್ಷರ ಸೇರಿಸುತ್ತದೆ. ಜಾವಾಸಿ ಮೊದಲ ಸಾಲಿನಲ್ಲೇ ‘ಇಲ್ಲೀಗಲ್ ಕ್ಯಾರೆಕ್ಟರ್’ ಅನ್ನುತ್ತದೆ. ನೀವು ಎಷ್ಟು ಸಲ ಕಣ್ಣಿಟ್ಟು ನೋಡಿದರೂ ಅಲ್ಲಿ ಏನೂ ಕಾಣುವುದಿಲ್ಲ.

ನಿಮ್ಮ ಪ್ರಶ್ನಾರ್ಥಕ ಚಿಹ್ನೆಗಳು ಹೊರಗಿನ ಬಾಗಿಲಿನವು. ಪರದೆಗೆ ಕಳಿಸುವಾಗ ಜಾವಾ ಆ ಕಮಾಂಡ್ ಪ್ರಾಂಪ್ಟಿನ ಕೋಡ್ ಪೇಜ್, ಅಂದರೆ ಅದಕ್ಕೆ ಗೊತ್ತಿರುವ ಅಕ್ಷರಗಳ ಪಟ್ಟಿ, ಯಾವುದು ಅಂತ ನೋಡುತ್ತದೆ. ಅದರಲ್ಲಿ ಕನ್ನಡ ಇಲ್ಲದಿದ್ದರೆ ಒಂದೊಂದು ಅಕ್ಷರದ ಜಾಗಕ್ಕೂ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸುತ್ತದೆ. ಪ್ರೋಗ್ರಾಮ್ ಓಡಿಸುವ ಮುಂಚೆ ‘ಸಿಎಚ್‌ಸಿಪಿ 65001’ ಎಂದು ಹೊಡೆಯಿರಿ. ಅದು ಯುಟಿಎಫ್-8ರ ನಂಬರ್. ಆಮೇಲೆ ಅದೇ ಕಿಟಕಿಯಲ್ಲಿ ಜಾವಾ ಓಡಿಸಿ.

ಪರದೆಯ ಮೇಲೆ ಏನು ಕಾಣುತ್ತದೆ ಎಂಬುದರಿಂದಲೇ ತಪ್ಪು ಎಲ್ಲಿದೆ ಅಂತ ತಿಳಿಯಬಹುದು. ಪ್ರಶ್ನಾರ್ಥಕ ಚಿಹ್ನೆ ಬಂದರೆ ಅಕ್ಷರ ದಾರಿಯಲ್ಲೇ ಕಳೆದುಹೋಗಿದೆ, ಎನ್‌ಕೋಡಿಂಗ್ ಸರಿಮಾಡಬೇಕು. ಖಾಲಿ ಚೌಕ ಬಂದರೆ ಅಕ್ಷರ ತಲುಪಿದೆ, ತೋರಿಸಲು ಫಾಂಟ್ ಇಲ್ಲ. ಆಗ ಹಳೆಯ ಕನ್ಸೋಲ್ ಬಿಟ್ಟು ವಿಂಡೋಸ್ ಟರ್ಮಿನಲ್ ಬಳಸಿ, ಇಲ್ಲವೇ ಐಡಿಇ ಒಳಗೆ ನೋಡಿ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಅದು ಟರ್ಮಿನಲ್ಲಿನ ಕೊರತೆ, ನಿಮ್ಮ ಪ್ರೋಗ್ರಾಮಿನ ತಪ್ಪಲ್ಲ. ಅದೇ ಔಟ್‌ಪುಟ್ಟನ್ನು ಒಂದು ಫೈಲಿಗೆ ಯುಟಿಎಫ್-8ರಲ್ಲಿ ಬರೆಸಿ ಬ್ರೌಸರಿನಲ್ಲಿ ತೆರೆಯಿರಿ, ಚೆಂದವಾಗಿ ಕಾಣುತ್ತದೆ.

ಕನ್ಸೋಲಿನಿಂದ ಕನ್ನಡವನ್ನು ಓದಿಕೊಳ್ಳುವುದು ಮಾತ್ರ ವಿಂಡೋಸ್‌ನಲ್ಲಿ ಇನ್ನೂ ಕಿರಿಕಿರಿ. ಅದರ ಜೊತೆ ಗುದ್ದಾಡಬೇಡಿ. ಕನ್ನಡ ಪಠ್ಯವನ್ನು ಫೈಲಿನಲ್ಲಿಟ್ಟು ‘ಫೈಲ್ಸ್’ ಕ್ಲಾಸಿನ ‘ರೀಡ್‌ಸ್ಟ್ರಿಂಗ್’ ಮೆಥಡ್‌ನಿಂದ ಓದಿ. ಅದು ಯಾವ ಯಂತ್ರದಲ್ಲೂ ಯುಟಿಎಫ್-8 ಅಂತಲೇ ಓದುತ್ತದೆ.

ಓದಿದ ಮೇಲೆ ‘ಕನ್ನಡ’ ಎಂಬ ಪದದ ಉದ್ದ ಕೇಳಿ ನೋಡಿ. ಕಣ್ಣಿಗೆ ಮೂರಕ್ಷರ, ಜಾವಾ 5 ಅನ್ನುತ್ತದೆ. ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ, ಹೀಗೆ ಎಣಿಸುತ್ತದೆ. ಪದವನ್ನು ತಿರುಗಿಸುವ, ಪ್ಯಾಲಿಂಡ್ರೋಮ್ ನೋಡುವ ಲ್ಯಾಬ್ ಪ್ರೋಗ್ರಾಮುಗಳು ಕನ್ನಡಕ್ಕೆ ಬಂದಾಗ ಏಕೆ ಎಡವುತ್ತವೆ ಅಂತ ಇದರಿಂದ ಹೊಳೆಯುತ್ತದೆ. ಅದನ್ನು ಸರಿಯಾಗಿ ಮಾಡುವುದೇ ನಿಮಗೊಂದು ಒಳ್ಳೆಯ ಮಿನಿ ಪ್ರಾಜೆಕ್ಟ್ ಆಗಬಹುದು.

ನೀವು ಕೇಳದಿದ್ದರೂ ಮೇವನ್ ಬಗ್ಗೆ ಸ್ವಲ್ಪ ಹೇಳಬೇಕು. ಪ್ರಾಜೆಕ್ಟ್ ಅಂತ ಶುರು ಮಾಡಿದ ಕೂಡಲೇ ಅದು ಎದುರಾಗುತ್ತದೆ. ಬೇರೆಯವರು ಬರೆದ ಲೈಬ್ರರಿಗಳನ್ನು ಒಂದೊಂದಾಗಿ ಹುಡುಕಿ ಇಳಿಸುವ ಬದಲು, ಬೇಕಾದ್ದನ್ನು ಪಾಮ್ ಎಂಬ, ಪ್ರಾಜೆಕ್ಟಿನ ವಿವರಗಳ ಫೈಲಿನಲ್ಲಿ ಬರೆದಿಟ್ಟರೆ ಮೇವನ್ ತಾನೇ ತರುತ್ತದೆ. ಈಗ ಹಾಕಬೇಡಿ, ಬೇಕಾದ ದಿನ ಹಾಕಿ. ಹಾಕಿದಾಗ ಎರಡು ಕಡೆ ಕಾಲು ಜಾರಬಹುದು.

ಒಂದು, ಹಳೆಯ ಪಾಠದಿಂದ ಪಾಮ್ ಫೈಲ್ ನಕಲು ಮಾಡಿಕೊಂಡರೆ ‘ಸೋರ್ಸ್ ಆಪ್ಶನ್ 5 ಇನ್ನು ನಡೆಯುವುದಿಲ್ಲ’ ಎಂಬರ್ಥದ ಎರರ್ ಬರುತ್ತದೆ. ಯಾವ ಜಾವಾ ಅಂತ ನೀವು ಹೇಳದಿದ್ದಾಗ ಹಳೆಯ ಕಂಪೈಲರ್ ಪ್ಲಗಿನ್ ಜಾವಾ 5 ಅಂದುಕೊಳ್ಳುತ್ತಿತ್ತು. ಪಾಮ್‌ನ ಪ್ರಾಪರ್ಟೀಸ್‌ನಲ್ಲಿ ‘ಮೇವನ್ ಡಾಟ್ ಕಂಪೈಲರ್ ಡಾಟ್ ರಿಲೀಸ್’ ಎಂದು ಬರೆದು 21 ಕೊಡಿ. ಪ್ಲಗಿನ್ ತೀರಾ ಹಳೆಯದಾದರೆ ಅದನ್ನೂ ಹೊಸದು ಮಾಡಿ.

ಎರಡು, ಮೊದಲ ಸಲ ಓಡಿಸಿದಾಗ ಮೇವನ್ ಬಹಳ ಫೈಲುಗಳನ್ನು ಇಳಿಸಿಕೊಂಡು ಹೋಮ್ ಫೋಲ್ಡರಿನ ಡಾಟ್ ಎಂ2 ಎಂಬಲ್ಲಿ ಕೂಡಿಡುತ್ತದೆ. ಹಾಸ್ಟೆಲಿನಲ್ಲಿ ಫೋನ್ ಹಾಟ್‌ಸ್ಪಾಟ್ ಮೇಲೆ ಇದ್ದೀರಾದರೆ ದಿನದ ಡೇಟಾ ಮುಗಿದೀತು. ಒಳ್ಳೆಯ ನೆಟ್ ಸಿಕ್ಕ ಕಡೆ ‘ಡಿಪೆಂಡೆನ್ಸಿ ಗೋ ಆಫ್‌ಲೈನ್’ ಎಂಬ ಗೋಲ್ ಒಮ್ಮೆ ಓಡಿಸಿ, ಜೊತೆಗೆ ಪ್ರಾಜೆಕ್ಟನ್ನು ಒಂದು ಸಲ ಪೂರ್ತಿ ಬಿಲ್ಡ್ ಮಾಡಿ. ರೂಮಿಗೆ ಬಂದ ಮೇಲೆ ಮೇವನ್‌ಗೆ ಹೈಫನ್ ಮತ್ತು ಓ ಅಕ್ಷರ ಕೊಟ್ಟರೆ ನೆಟ್ ಕೇಳದೆ ಕೆಲಸ ಮಾಡುತ್ತದೆ. ಕಾಲೇಜಿನ ನೆಟ್ ಪ್ರಾಕ್ಸಿ ಮೂಲಕ ಹೋಗುವುದಾದರೆ ಬ್ರೌಸರಿಗೆ ಕೊಟ್ಟ ಪ್ರಾಕ್ಸಿ ಮೇವನ್‌ಗೆ ಸಾಲದು. ಅದೇ ಡಾಟ್ ಎಂ2 ಫೋಲ್ಡರಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಪ್ರಾಕ್ಸಿ ವಿಳಾಸ ಮತ್ತು ಪೋರ್ಟ್ ಬರೆಯಬೇಕು. ಲ್ಯಾಬ್ ನೋಡಿಕೊಳ್ಳುವವರನ್ನು ಕೇಳಿದರೆ ಅವೆರಡೂ ಸಿಗುತ್ತವೆ.